ಅಯಾನುಗೋಳ: ಗ್ರಹಣ ಹಿಡಿದಾಗ ಮೇಲಿನ ಗಾಳಿಗೆ ಏನಾಗುತ್ತದೆ?

ರಾತ್ರಿ ಹೊತ್ತು ರೇಡಿಯೊದಲ್ಲಿ ಮೀಡಿಯಂ ವೇವ್ ತಿರುಗಿಸಿದವರಿಗೆ ಇದು ಗೊತ್ತು. ಹಗಲಲ್ಲಿ ಸದ್ದೇ ಇಲ್ಲದ ದೂರದೂರಿನ ಸ್ಟೇಷನ್‌ಗಳು ಕತ್ತಲಾದ ಮೇಲೆ ಕೇಳಿಸುತ್ತವೆ. ಕಾರಣ, ಅಯಾನುಗೋಳ.

ನೆಲದಿಂದ ಸುಮಾರು 60 ಕಿಲೋಮೀಟರ್ ಮೇಲಕ್ಕೆ ಹೋದರೆ ಗಾಳಿ ತೀರಾ ತೆಳು. ಸೂರ್ಯನ ಎಕ್ಸ್-ರೇ ಮತ್ತು ಅತಿನೇರಳೆ ಕಿರಣಗಳು ಅಲ್ಲಿನ ಅಣುಗಳಿಂದ ಎಲೆಕ್ಟ್ರಾನ್‌ಗಳನ್ನು ಕಿತ್ತುಬಿಡುತ್ತವೆ. ಎಲೆಕ್ಟ್ರಾನ್ ಕಳೆದುಕೊಂಡ ಅಣುವೇ ಅಯಾನು. ಈ ಗೋಳದಲ್ಲಿ ಕೆಳಗಿನಿಂದ ಮೇಲಕ್ಕೆ ಡಿ, ಇ, ಎಫ್ ಎಂಬ ಪದರಗಳಿವೆ. ಡಿ ಪದರ ರೇಡಿಯೊ ಅಲೆಗಳನ್ನು ನುಂಗುತ್ತದೆ. ಮೇಲಿನವು ಅವನ್ನು ನೆಲಕ್ಕೆ ವಾಪಸ್ ಕಳಿಸುತ್ತವೆ. ರಾತ್ರಿ ಡಿ ಹೆಚ್ಚುಕಡಿಮೆ ಮಾಯವಾಗುತ್ತದೆ, ಆಗ ದೂರದ ಸ್ಟೇಷನ್ನಿಗೆ ದಾರಿ ಸಿಗುತ್ತದೆ.

ಸೂರ್ಯಗ್ರಹಣ ಎಂದರೆ ನಡುಹಗಲಲ್ಲೇ ಬಂದು ಹೋಗುವ ಪುಟ್ಟ ರಾತ್ರಿ, ಅಲ್ವಾ? ಬಿಡಿಯಾಗಿದ್ದ ಎಲೆಕ್ಟ್ರಾನ್‌ಗಳು ಮತ್ತೆ ಅಯಾನುಗಳನ್ನು ಸೇರಿಕೊಳ್ಳುತ್ತವೆ. ಕೆಳಗಿನ ಪದರಗಳಲ್ಲಿ ಗಾಳಿ ಜಾಸ್ತಿ ದಟ್ಟ, ಹಾಗಾಗಿ ಈ ಕೆಲಸ ಬೇಗ ಆಗುತ್ತದೆ. ಎಫ್ ಪದರದಲ್ಲಿ ನಿಧಾನ. ಗ್ರಹಣದ ನಡುಗಾಲ ದಾಟಿದ ಮೇಲೂ ಅಲ್ಲಿ ಸ್ವಲ್ಪ ಹೊತ್ತು ಎಲೆಕ್ಟ್ರಾನ್‌ಗಳು ಕಡಿಮೆಯಾಗುತ್ತಲೇ ಇರುತ್ತವೆ.

ನನಗೆ ತುಂಬ ಇಷ್ಟವಾದ ಸಂಗತಿ ಇನ್ನೊಂದಿದೆ. ಖಗ್ರಾಸದಲ್ಲಿ ನಮ್ಮ ಕಣ್ಣಿಗೆ ಕತ್ತಲಾದರೂ ಅಯಾನುಗೋಳಕ್ಕೆ ಪೂರ್ತಿ ಕತ್ತಲಾಗುವುದಿಲ್ಲ. ಚಂದ್ರನ ಸುತ್ತ ಬೆಳ್ಳಗೆ ಹರಡಿಕೊಳ್ಳುವ ಕರೋನಾ, ಅಂದರೆ ಸೂರ್ಯನ ಹೊರವಾತಾವರಣ, ಆಗಲೂ ಎಕ್ಸ್-ರೇ ಚೆಲ್ಲುತ್ತಿರುತ್ತದೆ.

2010ರ ಜನವರಿ 15ರ ಕಂಕಣ ಗ್ರಹಣ ತಿರುವನಂತಪುರದಲ್ಲಿ ಮಧ್ಯಾಹ್ನ 7 ನಿಮಿಷಕ್ಕೂ ಜಾಸ್ತಿ ಹೊತ್ತು ನಿಂತಿತ್ತು. ಪಕ್ಕದ ‘ತುಂಬಾ’ ಎಂಬ ಊರಿನ ರಾಕೆಟ್ ಕೇಂದ್ರದಿಂದ ಇಸ್ರೋ ರೋಹಿಣಿ ರಾಕೆಟ್‌ಗಳನ್ನು ಹಾರಿಸಿ ಮೇಲಿನ ಗಾಳಿಯನ್ನು ಅಳೆಯಿತು. ಈ ಊರು ಇರುವುದು ಭೂಮಿಯ ಕಾಂತೀಯ ಸಮಭಾಜಕದ, ಅಂದರೆ ಭೂಮಿಯ ಕಾಂತಕ್ಷೇತ್ರ ನೆಲಕ್ಕೆ ಸಮಾನಾಂತರವಾಗಿರುವ ಗೆರೆಯ, ಹತ್ತಿರ. ಅಲ್ಲಿ ಅಯಾನುಗೋಳದಲ್ಲಿ ಹಗಲೆಲ್ಲ ಜೋರಾದ ವಿದ್ಯುತ್ ಹರಿಯುತ್ತದೆ. ಹಾಗಾಗಿ ಆ ಜಾಗದಲ್ಲಿ ಗ್ರಹಣ ಸಿಕ್ಕಿದ್ದು ದೊಡ್ಡ ಅದೃಷ್ಟವೇ ಸರಿ.

ಚಂದ್ರನ ನೆರಳು ಸದ್ದಿಗಿಂತ ವೇಗವಾಗಿ ಓಡುತ್ತದೆ. ನೆರಳಿನಡಿ ಗಾಳಿ ದಿಢೀರನೆ ತಣ್ಣಗಾಗುತ್ತದೆ. ಆದ್ದರಿಂದ ಹೊಳೆಯಲ್ಲಿ ದೋಣಿಯ ಮುಂದೆ ಅಲೆ ಎದ್ದ ಹಾಗೆ ಮೇಲಿನ ಗಾಳಿಯಲ್ಲೂ ಅಲೆ ಏಳಬೇಕು ಎಂದು ವಿಜ್ಞಾನಿಗಳು 1970ರಲ್ಲೇ ಹೇಳಿದ್ದರು. 2017ರ ಆಗಸ್ಟ್ 21ರಂದು ನೆರಳು ಅಮೆರಿಕವನ್ನು ದಾಟುವಾಗ, ಅಯಾನುಗೋಳ ದಾಟಿ ಬರುವ ಉಪಗ್ರಹ ಸಂಕೇತಗಳನ್ನು ಹಿಡಿಯುವ, ನೆಲದ ಮೇಲಿನ ಜಿಪಿಎಸ್ ರಿಸೀವರ್‌ಗಳ ಲೆಕ್ಕದಲ್ಲಿ ಆ ಅಲೆ ಸ್ಪಷ್ಟವಾಗಿ ಕಂಡಿತು.