ಗ್ರೈಂಡಿಂಗ್ ಮೆಷಿನ್‌ನ ವಾಸ್ತು

ಪೀಣ್ಯದಲ್ಲಿ ನನ್ನ ಗೆಳೆಯನೊಬ್ಬನ ಶೆಡ್ ಇದೆ. ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಮೂರು ಸಿಎನ್‌ಸಿ ಮೆಷಿನ್, ಎರಡು ಹಳೇ ಲೇತ್, ಲೋಹವನ್ನು ಉಜ್ಜಿ ನುಣುಪು ಮಾಡುವ ಒಂದೇ ಒಂದು ಗ್ರೈಂಡಿಂಗ್ ಮೆಷಿನ್, ಹದಿನಾಲ್ಕು ಜನ. ಶಾಫ್ಟು, ಬುಷ್ಷು ಇಂಥ ಬಿಡಿಭಾಗಗಳನ್ನು ಜಾಬ್‌ವರ್ಕ್ ಮೇಲೆ ಮಾಡಿಕೊಡುತ್ತಾನೆ. ಎರಡು ವರ್ಷದ ಹಿಂದೆ ಅವನಿಗೊಂದು ಕಾಟ ಶುರುವಾಯಿತು. ಯಾವ ಆರ್ಡರೂ ಹೇಳಿದ ದಿನಕ್ಕೆ ಹೊರಡುತ್ತಿರಲಿಲ್ಲ. ಜನ ಓಟಿ ಮಾಡುತ್ತಿದ್ದಾರೆ, ಮೆಷಿನ್ ಓಡುತ್ತಲೇ ಇದೆ, ಮಾಲು ಮಾತ್ರ ಶೆಡ್ ಬಿಟ್ಟು ಹೋಗುತ್ತಿಲ್ಲ.

ವಾಸ್ತು ಪಂಡಿತರು ಬಂದರು. ಗ್ರೈಂಡಿಂಗ್ ಮೆಷಿನ್ ಈಶಾನ್ಯದಲ್ಲಿದೆ, ಅಷ್ಟು ಭಾರ ಅಲ್ಲಿರಬಾರದು, ನೈಋತ್ಯಕ್ಕೆ ಹಾಕಿ ಎಂದರು. ಕ್ರೇನ್ ತರಿಸಿ ಎತ್ತಿಡುವುದು, ಲೆವೆಲ್ ಮಾಡುವುದು, ವೈರಿಂಗ್ ಎಳೆಯುವುದು ಎಲ್ಲ ಸೇರಿ ಮೆಷಿನ್ ನಾಲ್ಕು ದಿನ ನಿಂತಿತು. ಆ ನಾಲ್ಕು ದಿನದ ಬಾಕಿ ಕರಗಲು ಹತ್ತಿರ ಹತ್ತಿರ ಮೂರು ತಿಂಗಳು ಹಿಡಿಯಿತು! ನಾಲ್ಕು ದಿನ ಮೂರು ತಿಂಗಳಾದದ್ದು ಹೇಗೆ? ಗೆಳೆಯ ಗ್ರಹಗತಿ ಎಂದ.

ಪಂಡಿತರನ್ನು ಬೈಯುವುದು ಸುಲಭ. ನಾನೂ ಹೊಟ್ಟೆ ತುಂಬಾ ಬೈದೆ. ಆದರೆ ಗೆಳೆಯನ ಕ್ಯಾಬಿನ್ನಿನ ಗೋಡೆ ಮೇಲೆ ಅದಕ್ಕಿಂತ ದುಬಾರಿ ಮೂಢನಂಬಿಕೆಯೊಂದು ಫ್ರೇಮ್ ಹಾಕಿಸಿಕೊಂಡು ಕೂತಿತ್ತು: ‘ನಿಂತ ಮೆಷಿನ್ ನಷ್ಟದ ಮೆಷಿನ್’. ತಿಂಗಳು ತಿಂಗಳು ಬ್ಯಾಂಕಿನ ಕಂತು ಕಟ್ಟುವವನಿಗೆ ಇದು ವೇದವಾಕ್ಯ, ಅಲ್ವಾ? ಅದಕ್ಕೇ ಆತ ಸಿಕ್ಕಿದ ಕೆಲಸವನ್ನೆಲ್ಲ ಹಿಡಿದು ತಂದು ಗ್ರೈಂಡಿಂಗ್ ಮುಂದೆ ತುಂಬಿದ್ದ. ಲಾಗ್‌ಬುಕ್ ತೆಗೆದು ತೋರಿಸಿದ. 100 ಗಂಟೆಯಲ್ಲಿ 95 ಗಂಟೆ ಮೆಷಿನ್ ಬಿಜಿ. ಅವನ ಮುಖದಲ್ಲಿ ಹೆಮ್ಮೆ. ನನ್ನ ಎದೆ ಝಲ್ಲೆಂದಿತು.

ಈ 95ಕ್ಕೆ ಯಾಕೆ ಹೆದರಬೇಕು ಎನ್ನುವುದನ್ನು ನೂರು ವರ್ಷಕ್ಕೂ ಹಿಂದೆಯೇ ಲೆಕ್ಕ ಹಾಕಿದವನು ಡೆನ್ಮಾರ್ಕಿನ ಆಗ್ನರ್ ಕ್ರಾರಪ್ ಎರ್ಲಾಂಗ್. ಇವನ ವಿಷಯ ಬಂದರೆ ನನಗೆ ಬೇಗ ಮುಗಿಸಲು ಆಗುವುದಿಲ್ಲ, ಸ್ವಲ್ಪ ಸಹಿಸಿಕೊಳ್ಳಿ. 1878ರಲ್ಲಿ ಹುಟ್ಟಿದವನು, ಶಾಲೆಯಲ್ಲಿ ಪಾಠ ಹೇಳಿಕೊಂಡಿದ್ದವನು. 1908ರಲ್ಲಿ ಕೋಪನ್‌ಹೇಗನ್ ಟೆಲಿಫೋನ್ ಕಂಪನಿ ಸೇರಿದ. ಅಲ್ಲಿಗೆ ಸೇರಲು ದಾರಿ ಮಾಡಿಕೊಟ್ಟವನು ಯೆನ್ಸನ್ ಎಂಬ ಎಂಜಿನಿಯರ್. ಗಣಿತ ಓದಿದವರಿಗೆ ‘ಯೆನ್ಸನ್ ಅಸಮಾನತೆ’ ಗೊತ್ತಿರುತ್ತದೆ, ಅದೇ ಯೆನ್ಸನ್. ಆಗೆಲ್ಲ ಫೋನ್ ಎತ್ತಿದರೆ ಎಕ್ಸ್‌ಚೇಂಜಿನ ಆಪರೇಟರ್ ಕೈಯಿಂದ ತಂತಿ ಚುಚ್ಚಿ ಸಂಪರ್ಕ ಕೊಡಬೇಕಿತ್ತು. ಎಷ್ಟು ಆಪರೇಟರ್ ಬೇಕು, ಎಷ್ಟು ಲೈನ್ ಬೇಕು? ಕಮ್ಮಿಯಾದರೆ ಗಿರಾಕಿ ಬೈಯುತ್ತಾನೆ, ಜಾಸ್ತಿಯಾದರೆ ಮಾಲೀಕ ಬೈಯುತ್ತಾನೆ. ಎರ್ಲಾಂಗ್ ಈ ಬೈಗುಳದ ಮಧ್ಯೆ ಕೂತು ಗಣಿತ ಮಾಡಿದ. ಮೊದಲ ಲೇಖನ 1909ರಲ್ಲಿ, ಹೆಸರು ತಂದ ಸೂತ್ರಗಳು 1917ರಲ್ಲಿ. ಸುಮ್ನೆ ಕುರ್ಚಿಯಲ್ಲಿ ಕೂತ ಪಂಡಿತನಲ್ಲ. ಏಣಿ ಹೊತ್ತ ಕೆಲಸಗಾರನೊಬ್ಬನ ಜೊತೆ ಬೀದಿ ಸುತ್ತಿ, ಮ್ಯಾನ್‌ಹೋಲ್ ಇಳಿದು ಕೇಬಲ್ಲುಗಳ ಅಳತೆ ತೆಗೆದವನು. ಇವತ್ತಿಗೂ ಟೆಲಿಕಾಂ ಎಂಜಿನಿಯರುಗಳು ದಟ್ಟಣೆಯನ್ನು ಅಳೆಯುವುದು ‘ಎರ್ಲಾಂಗ್’ ಎಂಬ ಮಾನದಲ್ಲೇ.

ಅವನಿಂದ ಶುರುವಾದ ಗಣಿತ ಶೆಡ್ಡಿಗೆ ಹೇಳುವ ಮಾತು ಇಷ್ಟು. ಕೆಲಸಗಳು ಹೇಳಿಕೇಳಿ ಬರುವುದಿಲ್ಲ. ಒಂದೊಂದು ಕೆಲಸಕ್ಕೆ ಒಂದೊಂದು ಹೊತ್ತು ಹಿಡಿಯುತ್ತದೆ. ಸರಾಸರಿ ಒಂದು ಗಂಟೆ ಎಂದುಕೊಳ್ಳಿ. ಹಾಗಿರುವಾಗ ಮೆಷಿನ್ ಶೇಕಡಾ 50 ಬಿಜಿ ಇದ್ದರೆ, ಒಂದು ಕೆಲಸ ತನ್ನ ಸರದಿಗೆ ಸರಾಸರಿ ಒಂದು ಗಂಟೆ ಕಾಯುತ್ತದೆ. 80 ಆದರೆ ನಾಲ್ಕು ಗಂಟೆ. 90 ಆದರೆ ಒಂಬತ್ತು. 95 ಆದರೆ ಹತ್ತೊಂಬತ್ತು. 99ಕ್ಕೆ ಏರಿಸಿ ನೋಡಿ, 99 ಗಂಟೆ! ಬಿಜಿ ಇರುವ ಪಾಲನ್ನು ಬಿಡುವಿನ ಪಾಲಿನಿಂದ ಭಾಗಿಸಿದರೆ ಈ ಸಂಖ್ಯೆಗಳು ಬರುತ್ತವೆ. 95 ಭಾಗಿಸು 5, ಹತ್ತೊಂಬತ್ತು.

ಯಾಕೆ ಹೀಗೆ? ದರ್ಶಿನಿಯ ದೋಸೆ ಕಾವಲಿ ನೋಡಿ. ಬೆಳಿಗ್ಗೆ ಹನ್ನೊಂದಕ್ಕೆ ಅದು ಖಾಲಿ ಕಾಯುತ್ತಿರುತ್ತದೆ. ಆ ಖಾಲಿ ಹೊತ್ತನ್ನು ಎತ್ತಿಟ್ಟು ನಾಳೆ ಎಂಟು ಗಂಟೆಯ ನೂಕುನುಗ್ಗಲಿಗೆ ಬಳಸಲು ಬರುತ್ತದೆಯೇ? ಖಾಲಿ ಸೀಟು ಇಟ್ಟುಕೊಂಡು ಹೊರಟ ಬಸ್ಸು ಆ ಸೀಟನ್ನು ಮುಂದಿನ ಬಸ್ಸಿಗೆ ಕೊಡುತ್ತದೆಯೇ? ಉಪ್ಪಿನಕಾಯಿಯ ಹಾಗೆ ಗಂಟೆಗಳನ್ನು ಜಾಡಿಯಲ್ಲಿ ಹಾಕಿಡಲು ಆಗುವುದಿಲ್ಲ. ಆದರೆ ಬಾಕಿ ಕೆಲಸ ಹಾಗಲ್ಲ, ಅದು ಕೂಡಿಕೊಂಡೇ ಹೋಗುತ್ತದೆ. ಬಿಡುವು ಆವಿಯಾಗುತ್ತದೆ, ಬಾಕಿ ಹೆಪ್ಪುಗಟ್ಟುತ್ತದೆ.

ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ಮನೆ ಲೆಕ್ಕ. ಇಬ್ಬರಿಗೂ ಸಂಬಳ 20,000. ಒಬ್ಬನ ಖರ್ಚು 16,000, ಇನ್ನೊಬ್ಬನದು 19,000. ಇಬ್ಬರಿಗೂ ಆಸ್ಪತ್ರೆ ಖರ್ಚಿಗೆಂದು 20,000 ಕೈಸಾಲ ಆಯಿತು. ಮೊದಲನೆಯವನು ಐದು ತಿಂಗಳಲ್ಲಿ ತೀರಿಸುತ್ತಾನೆ. ಎರಡನೆಯವನಿಗೆ ಇಪ್ಪತ್ತು ತಿಂಗಳು ಬೇಕು, ಅದೂ ಮಧ್ಯೆ ಮತ್ತೊಂದು ಮದುವೆ, ಮುಂಜಿ ಬರದಿದ್ದರೆ. ಬರದೇ ಇರುತ್ತದೆಯೇ? ಖರ್ಚಿನಲ್ಲಿ ಇದ್ದ ವ್ಯತ್ಯಾಸ ಮೂರೇ ಸಾವಿರ. ಸಾಲ ತೀರಿಸುವುದು ಸಂಬಳವಲ್ಲ, ಮಿಕ್ಕ ದುಡ್ಡು.

ಈಗ ಗ್ರಹಗತಿಗೆ ಬರೋಣ. ಮೆಷಿನ್ ನಾಲ್ಕು ದಿನ ನಿಂತಿತು. ಅಷ್ಟರಲ್ಲಿ ದಿನಕ್ಕೆ 0.95ರ ಲೆಕ್ಕದಲ್ಲಿ 3.8 ದಿನದ ಕೆಲಸ ಬಂದು ಬಿತ್ತು. ಮತ್ತೆ ಓಡಲು ಶುರುವಾದ ಮೇಲೆ ದಿನಕ್ಕೆ ಉಳಿಯುವ ಬಿಡುವು 0.05 ದಿನ ಮಾತ್ರ. 3.8 ಭಾಗಿಸು 0.05, ಅಂದರೆ 76 ದಿನ. ಭಾನುವಾರ ಬಿಟ್ಟು ತಿಂಗಳಿಗೆ 26 ದಿನ ಕೆಲಸ ಎಂದುಕೊಂಡರೆ ಹತ್ತಿರ ಹತ್ತಿರ ಮೂರು ತಿಂಗಳು! ನಾಲ್ಕನ್ನು ಹತ್ತೊಂಬತ್ತರಿಂದ ಗುಣಿಸಿದರೂ ಅಷ್ಟೇ ಬರುತ್ತದೆ. ಇದನ್ನು ಅವನ ಡೆಲಿವರಿ ಚಲನ್ ಹಿಂಬದಿಯಲ್ಲಿ ಬರೆದು ತೋರಿಸಿದೆ. ಅವನು ಎರಡು ಸಲ ಕ್ಯಾಲ್ಕುಲೇಟರ್ ಒತ್ತಿದ. ಮೆಷಿನ್ ಶೇಕಡಾ 80 ಮಾತ್ರ ಬಿಜಿ ಇದ್ದಿದ್ದರೆ ಅದೇ ನಾಲ್ಕು ದಿನದ ಬಾಕಿ 16 ದಿನದಲ್ಲಿ ಮುಗಿಯುತ್ತಿತ್ತು.

ಹಾಗಾದರೆ ದೊಡ್ಡ ಕಾರ್ಖಾನೆಗಳು ಹೇಗೆ 95ರಲ್ಲಿ ಓಡುತ್ತವೆ ಎಂದು ನೀವು ಕೇಳಬಹುದು. 1961ರಲ್ಲಿ ಜಾನ್ ಕಿಂಗ್‌ಮನ್ ಎಂಬ ಗಣಿತಜ್ಞ ಇದಕ್ಕೆ ಉತ್ತರ ಕೊಟ್ಟ. ಕಾಯುವ ಹೊತ್ತು ಬಿಡುವಿನ ಜೊತೆಗೆ ಏರುಪೇರನ್ನೂ ಅವಲಂಬಿಸುತ್ತದೆ. ಒಂದೇ ಥರದ ಮಾಲು ಗಡಿಯಾರ ಹೊಡೆದಂತೆ ಬರುವ ಕಡೆ ಏರುಪೇರು ಕಮ್ಮಿ, ಹಾಗಾಗಿ ಕಮ್ಮಿ ಬಿಡುವು ಸಾಕು. ಇಪ್ಪತ್ತು ಗಿರಾಕಿಗಳ ನೂರು ಥರದ ಡ್ರಾಯಿಂಗ್ ಇಟ್ಟುಕೊಂಡ ಸಣ್ಣ ಶೆಡ್ಡಿಗೆ ಆ ಭಾಗ್ಯವಿಲ್ಲ. ದೊಡ್ಡವರ ಲೆಕ್ಕ ನೋಡಿ ಚಿಕ್ಕವರು ಬರೆ ಎಳೆದುಕೊಳ್ಳುವುದು ಇಲ್ಲೇ.

ಅದೇ 1961ರಲ್ಲಿ ಅಮೆರಿಕದ ಜಾನ್ ಲಿಟಲ್ ಇನ್ನೊಂದು ಸೂತ್ರವನ್ನು ಸಾಧಿಸಿ ತೋರಿಸಿದ: ಒಳಗಿರುವ ಕೆಲಸವನ್ನು ದಿನಕ್ಕೆ ಮುಗಿಯುವ ಕೆಲಸದಿಂದ ಭಾಗಿಸಿದರೆ, ಒಂದು ಕೆಲಸ ಒಳಗೆ ಕಳೆಯುವ ಸರಾಸರಿ ದಿನ ಸಿಗುತ್ತದೆ. ಅದನ್ನು ನೀವು ನಿಮ್ಮ ಟೈಲರ್ ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ‘ಶುಕ್ರವಾರ ಬನ್ನಿ ಅಕ್ಕ, ಗ್ಯಾರಂಟಿ’ ಎನ್ನುತ್ತಾನಲ್ಲ, ಆಗ ಒಳಗೆ ಹೊಲಿಯದೆ ಬಿದ್ದ ರವಿಕೆ ಎಣಿಸಿ. 60 ಇವೆ, ದಿನಕ್ಕೆ ಐದು ಮುಗಿಸುತ್ತಾನೆ ಎಂದರೆ ಹನ್ನೆರಡು ದಿನ. ಗೆಳೆಯನ ಶೆಡ್ಡಿನಲ್ಲಿ ನಾವೇ ಎಣಿಸಿದೆವು. ಟ್ರೇ, ಮೂಲೆ, ಮೆಟ್ಟಿಲ ಕೆಳಗೆ ಎಲ್ಲ ಸೇರಿ 126 ಲಾಟ್, ಅಂದರೆ ಒಟ್ಟಿಗೆ ಸಾಗುವ ಮಾಲಿನ ಗುಂಪು. ದಿನಕ್ಕೆ ಹೊರಡುವುದು ಆರು. 21 ದಿನ. ಪ್ರತಿ ಲಾಟ್ ಮೆಷಿನ್ ಮೇಲೆ ಕಳೆಯುವುದು ಒಟ್ಟು ಆರೇಳು ಗಂಟೆ ಅಷ್ಟೇ, ಮಿಕ್ಕಿದ್ದೆಲ್ಲ ಧೂಳು ತಿನ್ನುತ್ತಾ ಕಾಯುವುದು.

ಉಪಾಯ ಹಳೆಯದೇ. ಟೊಯೋಟಾದ ತೈಚಿ ಓನೋಗೆ ಅಮೆರಿಕದ ಸೂಪರ್ ಮಾರ್ಕೆಟ್ಟುಗಳ ಪದ್ಧತಿ ಹಿಡಿಸಿತ್ತು. ಕಪಾಟಿನಿಂದ ಗಿರಾಕಿ ತೆಗೆದುಕೊಂಡಷ್ಟನ್ನೇ ಅಂಗಡಿಯವನು ಮತ್ತೆ ತುಂಬುತ್ತಾನೆ. ಅದನ್ನೇ ಕಾರ್ಖಾನೆಗೆ ತಂದು ಚೀಟಿ ಪದ್ಧತಿ ಮಾಡಿದ, ಕಾನ್‌ಬಾನ್ ಎಂದು ಹೆಸರು. ನಾವು ಮಾಡಿದ್ದು ಇನ್ನೂ ಸರಳ. 42 ಪ್ಲಾಸ್ಟಿಕ್ ಬಿಲ್ಲೆ ತಂದೆವು. ಬಿಲ್ಲೆ ಇಲ್ಲದೆ ಯಾವ ಲಾಟೂ ಮೆಷಿನ್ ಹತ್ತುವಂತಿಲ್ಲ, ಒಂದು ಲಾಟ್ ಹೊರಗೆ ಹೋದರೆ ಒಂದು ಬಿಲ್ಲೆ ವಾಪಸ್. ಅಷ್ಟು ನಾಜೂಕು ಬೇಡದ ಗ್ರೈಂಡಿಂಗ್ ಕೆಲಸವನ್ನು ಪಕ್ಕದ ಶೆಡ್ಡಿಗೆ ಕಳಿಸಿದೆವು. ಒಂದು ಲಾಟ್ ಓಡುತ್ತಿರುವಾಗಲೇ ಮುಂದಿನದರ ಡ್ರಾಯಿಂಗ್, ಗೇಜು ಹುಡುಕಿಡುವಂತೆ ಹುಡುಗನಿಗೆ ಹೇಳಿದೆವು. ಗ್ರೈಂಡಿಂಗ್ 80ರ ಆಸುಪಾಸಿಗೆ ಇಳಿಯಿತು. ಲಾಟ್‌ಗಳು ಒಂದು ವಾರಕ್ಕೆ ಹೊರಡತೊಡಗಿದವು.

ಕಷ್ಟವಾದದ್ದು ಒಂದೇ, ಗೆಳೆಯನ ತಂದೆಯನ್ನು ಒಪ್ಪಿಸುವುದು. ಅವರು ಆ ಶೆಡ್ಡನ್ನು ಒಂದು ಲೇತಿನಿಂದ ಬೆಳೆಸಿದವರು. ಮಧ್ಯಾಹ್ನ ಬಂದಾಗ ಗ್ರೈಂಡಿಂಗ್ ಆಪರೇಟರ್ ಸ್ಟೂಲ್ ಮೇಲೆ ಕೂತು ಪೇಪರ್ ಓದುತ್ತಿದ್ದರೆ ಅವರಿಗೆ ತಡೆಯುವುದಿಲ್ಲ. ಹೋದ ಸಲ ನಾನು ಅಲ್ಲೇ ಇದ್ದೆ. ಹಿರಿಯರು ಏನೂ ಹೇಳಲಿಲ್ಲ. ಸುಮ್ಮನೆ ಹೋಗಿ ಪೊರಕೆ ತಂದು ಅವನ ಕೈಗಿಟ್ಟರು. ಅವನು ಹತ್ತು ನಿಮಿಷ ಗುಡಿಸಿದ, ಅಷ್ಟರಲ್ಲಿ ಮುಂದಿನ ಲಾಟ್ ಬಂತು.