ಒಂದೇ ಹೆಸರಿನ ಫೋಟೊಗಳು, ಎರಡು ಹಳೆಯ ಕಮಾಂಡ್‌ಗಳು

ಕಲಬುರಗಿಯ ಕಾಲೇಜೊಂದರ ಇತಿಹಾಸ ವಿದ್ಯಾರ್ಥಿಗಳು ಸನ್ನತಿ, ಮಳಖೇಡ ಮತ್ತು ಊರಿನ ಕೋಟೆಯಲ್ಲಿ ತೆಗೆದ ಫೋಟೊಗಳನ್ನೆಲ್ಲ ಒಂದೇ ಹಾರ್ಡ್ ಡಿಸ್ಕಿಗೆ ತುಂಬಿದ್ದಾರೆ ಎಂದಿಟ್ಟುಕೊಳ್ಳೋಣ. ಅದರಲ್ಲಿ ಕಳೆದ ವಾರ ತೆಗೆದ, 5 ಎಂಬಿಗಿಂತ ದೊಡ್ಡದಾದ ಚಿತ್ರಗಳನ್ನಷ್ಟೇ ಹೆಕ್ಕಿ ಪೆನ್‌ಡ್ರೈವಿಗೆ ಹಾಕಬೇಕು. ಫೋಲ್ಡರಿನೊಳಗೆ ಫೋಲ್ಡರು ತೆರೆಯುತ್ತ ಹೋದರೆ ಇದು ಬೇಸರದ ಕೆಲಸ. ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್‌ಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ, ಒಂದು ಸಾಲಿನ ಕೆಲಸ.

ಆ ಸಾಲು 'ಫೈಂಡ್' ಎಂಬ ಕಮಾಂಡ್‌ನಿಂದ ಶುರುವಾಗುತ್ತದೆ. ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾ ಸಂಸ್ಥೆಯ ಯುನಿಕ್ಸ್ ಎಂಬ ಹಳೆಯ ಕಾರ್ಯಾಚರಣಾ ವ್ಯವಸ್ಥೆಯಲ್ಲಿ 1970ರ ದಶಕದಲ್ಲೇ ಬಂದ ಈ ಸಾಧನ, ಕೊಟ್ಟ ಫೋಲ್ಡರಿನಿಂದ ಹೊರಟು ಒಳಗಿನ ಪ್ರತಿಯೊಂದು ಫೋಲ್ಡರಿಗೂ ಇಳಿಯುತ್ತದೆಯಾದರೂ ಫೈಲನ್ನು ತೆರೆದು ಓದುವುದಿಲ್ಲ. ಗಾತ್ರ, ಕೊನೆಯ ಬದಲಾವಣೆಯ ಸಮಯ, ಮಾಲೀಕತ್ವ ಮುಂತಾದ ವಿವರಗಳು 'ಐನೋಡ್' ಎಂಬ ಪುಟ್ಟ ದಾಖಲೆಯಲ್ಲಿ ಇರುತ್ತವೆ. ಹೊಲಕ್ಕೆ ಹೋಗದೆ ಪಹಣಿ ನೋಡಿಯೇ ವಿಸ್ತೀರ್ಣ ಹೇಳುವಂತೆ ಫೈಂಡ್ ಅದನ್ನಷ್ಟೇ ನೋಡುತ್ತದೆ. 'ಲೊಕೇಟ್' ಎಂಬ ಇನ್ನೊಂದು ಹುಡುಕುವ ಕಮಾಂಡ್ ಇನ್ನೂ ವೇಗದ್ದು, ಆದರೆ ಅದು ಮೊದಲೇ ಸಿದ್ಧಪಡಿಸಿದ ಪಟ್ಟಿಯಲ್ಲಿ ಹುಡುಕುವುದರಿಂದ ಈಗಷ್ಟೇ ಸೇರಿಸಿದ ಫೈಲ್ ಸಿಗದೆ ಹೋಗಬಹುದು.

ಫೈಂಡ್ ಷರತ್ತುಗಳನ್ನು ಎಡದಿಂದ ಬಲಕ್ಕೆ ಪರೀಕ್ಷಿಸುತ್ತದೆ. ಹಾಗಾಗಿ ಅಳಿಸುವ ಆಯ್ಕೆಯನ್ನು ಹೆಸರಿನ ಷರತ್ತಿಗಿಂತ ಮೊದಲು ಬರೆದರೆ, ಷರತ್ತು ನೋಡುವ ಮೊದಲೇ ಎಲ್ಲವೂ ಅಳಿದುಹೋಗುತ್ತದೆ. ಮೊದಲು ಪಟ್ಟಿಯನ್ನು ಪರದೆಯ ಮೇಲೆ ತರಿಸಿ ನೋಡುವುದು ಲೇಸು.

ನಿಜವಾದ ತೊಡಕು ಇರುವುದು ನಕಲು ಮಾಡುವ 'ಸಿಪಿ'ಯಲ್ಲಿ. ಕ್ಯಾಮೆರಾಗಳು ಫೋಟೊಗಳಿಗೆ ಸಂಖ್ಯೆಯ ಹೆಸರು ಕೊಡುವುದರಿಂದ, ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ ತೆಗೆದ 'ರಾಯೋ ಅಶೋಕ' ಎಂಬ ಬರಹವುಳ್ಳ ಶಿಲ್ಪದ ಚಿತ್ರಕ್ಕೂ ಮಳಖೇಡದ ಕೋಟೆಯ ಚಿತ್ರಕ್ಕೂ 'ಐಎಂಜಿ_0001' ಎಂಬ ಒಂದೇ ಹೆಸರಿರಬಹುದು. ಬೇರೆ ಬೇರೆ ಫೋಲ್ಡರಿನಲ್ಲಿದ್ದಾಗ ತೊಂದರೆಯಿಲ್ಲ. ಆದರೆ ಫೈಂಡ್ ತನಗೆ ಸಿಕ್ಕ ಪ್ರತಿ ಫೈಲಿಗೂ ಸಿಪಿ ಕಮಾಂಡನ್ನು ಹೊಸದಾಗಿ ಕರೆದು ಎಲ್ಲವನ್ನೂ ಒಂದೇ ಫೋಲ್ಡರಿಗೆ ಕಳುಹಿಸಿದರೆ, ಎರಡನೆಯದು ಮೊದಲನೆಯದರ ಮೇಲೆ ಸದ್ದಿಲ್ಲದೆ ಕೂತುಬಿಡುತ್ತದೆ. ಎಚ್ಚರಿಕೆ ಇಲ್ಲ, ಪ್ರಶ್ನೆ ಇಲ್ಲ. ಸ್ವಾರಸ್ಯವೆಂದರೆ, ಎಲ್ಲ ಫೈಲುಗಳನ್ನೂ ಒಂದೇ ಕರೆಯಲ್ಲಿ ಕೊಟ್ಟರೆ ಲಿನಕ್ಸ್‌ನ ಸಾಮಾನ್ಯ ಸಿಪಿ, ತಾನೇ ಆಗಷ್ಟೇ ಸೃಷ್ಟಿಸಿದ ಫೈಲಿನ ಮೇಲೆ ಬರೆಯಲು ಒಪ್ಪುವುದಿಲ್ಲ. ಆಗ ಮೊದಲ ಚಿತ್ರ ಉಳಿಯುತ್ತದೆ, ಆದರೆ ಎರಡನೆಯದು ಪೆನ್‌ಡ್ರೈವಿಗೆ ಬರುವುದೇ ಇಲ್ಲ. ಮೂಲ ಫೋಲ್ಡರುಗಳ ರಚನೆಯನ್ನು ಉಳಿಸಿಯೇ ನಕಲು ಮಾಡುವ 'ಪೇರೆಂಟ್ಸ್' ಆಯ್ಕೆಯೇ ಇದಕ್ಕೆ ನನ್ನ ದೃಷ್ಟಿಯಲ್ಲಿ ಸರಿಯಾದ ಪರಿಹಾರ. ಇದರ ಜೊತೆಗೆ ಮೂಲ ಸಮಯವನ್ನು ಕಾಯ್ದುಕೊಳ್ಳುವ ಆಯ್ಕೆಯೂ ಬೇಕು. ಇಲ್ಲವಾದರೆ ನಕಲಿಗೆ ಇವತ್ತಿನ ಸಮಯ ಅಂಟಿಕೊಂಡು, ಮುಂದಿನ ಸಲ ದಿನಾಂಕದ ಮೇಲೆ ಹುಡುಕಿದಾಗ ಹಳೆಯ ಚಿತ್ರಗಳೆಲ್ಲ ಹೊಸದಾಗಿ ಕಾಣುತ್ತವೆ.

ಇದೇ ಕೆಲಸ ಪ್ರತಿ ವಾರ ಇದ್ದರೆ ಸಿಪಿಗಿಂತ 'ಆರ್‌ಸಿಂಕ್' ವಾಸಿ. ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಾಸ್ 1996ರಲ್ಲಿ ಹೊರತಂದ ಈ ನಕಲು ಸಾಧನ, ಈಗಾಗಲೇ ಇರುವ ನಕಲಿನೊಂದಿಗೆ ಗಾತ್ರ ಮತ್ತು ಸಮಯ ಎರಡೂ ತಾಳೆಯಾಗುವ ಫೈಲನ್ನು ಮುಟ್ಟದೆ ಮುಂದೆ ಹೋಗುತ್ತದೆ. ನೆಟ್‌ವರ್ಕ್ ಮೂಲಕವಾದರೆ ಬದಲಾದ ತುಣುಕುಗಳನ್ನಷ್ಟೇ ಕಳುಹಿಸುವುದು ಅದರ ಹೆಚ್ಚುಗಾರಿಕೆ, ಆದರೆ ತೆಗೆದ ಮೇಲೆ ಬದಲಾಗದ ಫೋಟೊಗಳಿಗೆ ಅದರಿಂದ ಹೆಚ್ಚೇನೂ ಲಾಭವಿಲ್ಲ.

ಕಮಾಂಡ್ ಮುಗಿಯಿತೆಂದು ಕೂಡಲೇ ಪೆನ್‌ಡ್ರೈವ್ ಕೀಳಬಾರದು. ಬರೆಯಬೇಕಾದ ಮಾಹಿತಿಯ ಒಂದಷ್ಟು ಭಾಗ ಆಗಲೂ ಕಂಪ್ಯೂಟರಿನ ರ‍್ಯಾಮ್‌ನಲ್ಲೇ ಇರಬಹುದು. 'ಸಿಂಕ್' ಎಂಬ ಕಮಾಂಡ್ ಕೊಟ್ಟು, ಅದು ಮುಗಿಯುವವರೆಗೆ ಕಾಯ್ದು, ಡ್ರೈವನ್ನು ಅನ್‌ಮೌಂಟ್ ಮಾಡಿಯೇ, ಅಂದರೆ ವ್ಯವಸ್ಥೆಯಿಂದ ಅದರ ಸಂಪರ್ಕ ಬಿಡಿಸಿಯೇ, ತೆಗೆಯಬೇಕು.