‘ನಮ್ಮ ನಾಯಿ ಯಾರಿಗೂ ಕಚ್ಚಿದ್ದಿಲ್ಲ’ ಅಂದರೆ ಹೊಣೆ ತಪ್ಪುತ್ತದಾ?

ಪ್ರಶ್ನೆ: ನಮ್ಮದು ಶಿರಸಿ ಕಡೆಯ ಹಳ್ಳಿ. ಡೇರಿಗೆ ಹಾಲು ಹಾಕಿ ವಾಪಸ್ ಬರುವಾಗ ಪಕ್ಕದ ಮನೆಯವರ ನಾಯಿ ಮೀನಖಂಡಕ್ಕೆ ಬಾಯಿ ಹಾಕಿತು. ಆಸ್ಪತ್ರೆಗೆ ಓಡಾಡಿದ ಖರ್ಚು, ಕೆಲಸ ಬಿಟ್ಟ ದಿನಗಳ ಕೂಲಿ ಕೇಳಿದರೆ ‘ನಮ್ಮ ನಾಯಿ ಇಷ್ಟು ವರ್ಷ ಯಾರಿಗೂ ಕಚ್ಚಿದ್ದಿಲ್ಲ, ನೀನೇ ಏನೋ ಮಾಡಿರಬೇಕು’ ಅನ್ನುತ್ತಾರೆ. ಕಾನೂನಿನ ಪ್ರಕಾರ ಅವರು ಕೊಡಬೇಕಾ?

ಉತ್ತರ: ಕೊಡಬೇಕು. ಆದರೆ ಅದನ್ನು ಕೊಡಿಸುವ ದಾರಿ ಸುತ್ತುಬಳಸಿನದು. ಆ ದಾರಿ ನೇರವಾಗಬೇಕು ಅನ್ನುವುದೇ ಈ ಉತ್ತರದ ಅರ್ಧ ಭಾಗ.

ಮೊದಲು ಗಾಯದ ವಿಷಯ. ಹರಿಯುವ ನೀರು, ಸೋಪು, ಪೂರ್ತಿ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಖಾರದಪುಡಿ ಯಾವುದೂ ಬೇಡ. ಸರ್ಕಾರಿ ಆಸ್ಪತ್ರೆಯಲ್ಲಿ ರೇಬೀಸ್ ಲಸಿಕೆ ಉಚಿತ. ಚರ್ಮದೊಳಗೆ ಕೊಡುವ ಲಸಿಕೆಯಾದರೆ 0, 3, 7 ಮತ್ತು 28ನೇ ದಿನ. ಹಲ್ಲು ಒಳಗೆ ಇಳಿದು ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೊಗ್ಲೋಬ್ಯುಲಿನ್ (ರೇಬೀಸ್ ವೈರಸ್ ತಡೆಯುವ ಸಿದ್ಧ ಪ್ರತಿಕಾಯ) ಚುಚ್ಚುಮದ್ದೂ ಬೇಕು, ಅದನ್ನು ಕೇಳಿ ಹಾಕಿಸಿಕೊಳ್ಳಿ. ‘ಸಾಕಿದ ನಾಯಿ ಅಲ್ವಾ, ಎರಡು ಡೋಸ್ ಸಾಕು’ ಅಂತ ನೀವೇ ತೀರ್ಮಾನ ಮಾಡಬೇಡಿ. ರೇಬೀಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಮತ್ತೆ ಮದ್ದಿಲ್ಲ.

ಇನ್ನು ಕಾನೂನು. ಮೊದಲು ಪೊಲೀಸ್ ದಾರಿ ನೋಡೋಣ. 2024ರ ಜುಲೈ 1ರಿಂದ ಹಳೆಯ ಐಪಿಸಿಯ (ಭಾರತೀಯ ದಂಡ ಸಂಹಿತೆ) ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದರ 291ನೇ ಕಲಮು ಪ್ರಾಣಿ ಸಾಕಿದವರ ಅಸಡ್ಡೆಯ ಕುರಿತದ್ದು. ತನ್ನ ವಶದಲ್ಲಿರುವ ಪ್ರಾಣಿಯಿಂದ ಜೀವಕ್ಕೋ ತೀವ್ರ ಗಾಯಕ್ಕೋ ಅಪಾಯ ಆಗಬಹುದು ಅಂತಿರುವಾಗ, ಗೊತ್ತಿದ್ದೂ ಅಥವಾ ಅಸಡ್ಡೆಯಿಂದ ಎಚ್ಚರಿಕೆ ತೆಗೆದುಕೊಳ್ಳದಿದ್ದರೆ 6 ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಳೆಯ ಐಪಿಸಿಯಲ್ಲಿ ಇದೇ ಅಪರಾಧ 289ನೇ ಕಲಮಿನಲ್ಲಿತ್ತು, ದಂಡ 1,000 ರೂಪಾಯಿ. ಬದಲಾದದ್ದು ಹೆಚ್ಚುಕಡಿಮೆ ದಂಡದ ಮೊತ್ತ ಮಾತ್ರ. ಠಾಣೆಯವರು ಕೋರ್ಟಿನ ಅಪ್ಪಣೆಗೆ ಕಾಯದೆ ಎಫ್‌ಐಆರ್ ಮಾಡಬಹುದಾದ ಅಪರಾಧ ಇದು. ಹಾಗಾಗಿ ‘ಇದೆಲ್ಲ ನಮ್ಮಲ್ಲಿ ಬರೋದಿಲ್ಲ, ಕೋರ್ಟಿಗೆ ಹೋಗಿ’ ಅಂದರೆ ಒಪ್ಪಬೇಕಿಲ್ಲ.

‘ತೀವ್ರ ಗಾಯ’ ಅನ್ನುವುದಕ್ಕೆ ಕಾನೂನಿನಲ್ಲಿ ಅಳತೆ ಇದೆ. ಮೂಳೆ ಮುರಿಯಬೇಕು, ಮುಖ ಶಾಶ್ವತವಾಗಿ ವಿಕಾರವಾಗಬೇಕು, ಇಲ್ಲವೇ 15 ದಿನ ತೀವ್ರ ನೋವಿರಬೇಕು ಅಥವಾ ದಿನನಿತ್ಯದ ಕೆಲಸ ಮಾಡಲಾಗದಂತೆ ಇರಬೇಕು. ಇನ್ನೂ ಕೆಲವಿವೆ. ಮೀನಖಂಡಕ್ಕೆ ನಾಲ್ಕು ಹಲ್ಲು ಇಳಿದದ್ದು ಇದರೊಳಗೆ ಬರುತ್ತದೋ ಇಲ್ಲವೋ ಅಂತ ವಾದ ಶುರುವಾಗುತ್ತದೆ. ಅದಕ್ಕೇ ದೂರಿನಲ್ಲಿ 125ನೇ ಕಲಮನ್ನೂ ಸೇರಿಸಲು ಕೇಳಿ. ಅಜಾಗರೂಕತೆಯಿಂದ ಇನ್ನೊಬ್ಬರಿಗೆ ಸಣ್ಣ ಗಾಯವಾದರೂ ಅದರಲ್ಲಿ ಶಿಕ್ಷೆ ಇದೆ. ಜೀವವೇ ಹೋದರೆ 106ನೇ ಕಲಮು, 5 ವರ್ಷದವರೆಗೆ ಜೈಲು.

ಇಷ್ಟೆಲ್ಲ ಆಗಿ 5,000 ದಂಡ ಬಿತ್ತು ಅಂತಿಟ್ಟುಕೊಳ್ಳಿ. ಅದು ಹೋಗುವುದು ಸರ್ಕಾರಕ್ಕೆ. ಅದರಲ್ಲಿ ಗಾಯಾಳುವಿಗೆ ಪರಿಹಾರ ಕೊಡಿಸುವ ಅಧಿಕಾರ ನ್ಯಾಯಾಧೀಶರಿಗೆ ಇದೆ ನಿಜ, ಆದರೆ ಹಾಗೇ ಮಾಡಲೇಬೇಕು ಅಂತಿಲ್ಲ. ನಿಮಗೆ ಬೇಕಿರುವುದು ಬಸ್ ಚಾರ್ಜು ಮತ್ತು ಕೂಲಿ. ನೆರೆಮನೆಯವರನ್ನು ಒಳಗೆ ಹಾಕಿಸುವುದಲ್ಲ, ಅಲ್ವಾ? ಆ ದುಡ್ಡಿಗೆ ಸಿವಿಲ್ ದಾವೆ ಹೂಡಬೇಕು. ‘ಯಾರಿಗೂ ಕಚ್ಚಿದ್ದಿಲ್ಲ’ ಅನ್ನುವ ಮಾತಿಗೆ ತೂಕ ಬರುವುದು ಅಲ್ಲಿ.

ನಾಯಿ ಕಚ್ಚಿದರೆ ಪರಿಹಾರ ಹೇಗೆ ಅಂತ ಹೇಳುವ ಪ್ರತ್ಯೇಕ ಕಾಯ್ದೆ ನಮ್ಮ ದೇಶದಲ್ಲಿಲ್ಲ. ಕೋರ್ಟುಗಳು ನೋಡುವುದು ಇಂಗ್ಲೆಂಡಿನಿಂದ ಬಂದ ಹಳೆಯ ತತ್ವವನ್ನು. ಹುಲಿ, ಕರಡಿಯಂಥ ಕಾಡುಪ್ರಾಣಿ ಸಾಕಿದವನಿಗೆ ಹೊಣೆ ಪೂರ್ತಿ. ನಾಯಿ, ದನದಂಥ ಸಾಕುಪ್ರಾಣಿಯಾದರೆ, ಅದಕ್ಕೆ ಕಚ್ಚುವ ಹಾಯುವ ಚಾಳಿ ಇತ್ತು, ಅದು ಯಜಮಾನನಿಗೆ ಗೊತ್ತಿತ್ತು ಅಂತ ಗಾಯಾಳು ಸಾಬೀತು ಮಾಡಬೇಕು. ಅಂದರೆ ಮೊದಲ ಕಡಿತ ಪುಕ್ಕಟೆ! ನಿಮ್ಮ ನೆರೆಯವರು ಕಾನೂನು ಓದಿ ಆ ಮಾತು ಹೇಳಿಲ್ಲ, ಆದರೆ ವಕೀಲರು ಹೇಳಿಕೊಟ್ಟಂತೆಯೇ ಇದೆ.

ಇದನ್ನು ದಾಟಲು ಇನ್ನೊಂದು ದಾರಿ ಉಂಟು. ನಾಯಿಯ ಸ್ವಭಾವ ಬಿಟ್ಟು ಯಜಮಾನನ ಅಸಡ್ಡೆಯನ್ನು ಹಿಡಿಯುವುದು. ಶಿರಸಿ, ಸಿದ್ದಾಪುರ ಕಡೆಯ ಕೇರಿಗಳನ್ನು ನೋಡಿದವರಿಗೆ ಗೊತ್ತು, ಒಂದು ಮನೆಗೆ ಹೋಗುವ ದಾರಿ ಇನ್ನೊಬ್ಬರ ಅಂಗಳದ ಅಂಚಿನಲ್ಲೇ ಹಾದುಹೋಗುತ್ತದೆ. ದಣಪೆ (ಬೇಲಿಯ ಗಳುವಿನ ಗೇಟು) ಸರಿಸಿ ಒಳಗೆ ಬಂದು, ಅಡಿಕೆ ಒಣಹಾಕಿದ ಅಟ್ಟದ ಪಕ್ಕದಲ್ಲಿ ಸಾಗಿ, ಕೊಟ್ಟಿಗೆ ಹಿಂದಿನಿಂದ ಇಳಿದರೆ ಆಚೆ ಮನೆ. ತಲೆಮಾರಿನಿಂದ ನಡೆದಾಡಿದ ದಾರಿ. ಅಲ್ಲಿ ಬೆಳಿಗ್ಗೆ ಹಾಲಿನವರು, ಅಡಿಕೆ ಕೊನೆ ಕೊಯ್ಯುವ ಕೊನೆಗೌಡರು, ಶಾಲೆ ಮಕ್ಕಳು, ಈಗೀಗ ಕೊರಿಯರ್ ಹುಡುಗರು ಬರುತ್ತಾರೆ ಅಂತ ಮನೆಯವರಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಆ ಹೊತ್ತಿಗೆ ನಾಯಿಯನ್ನು ಬಿಟ್ಟಿದ್ದರೆ ಅದು ಅಸಡ್ಡೆಯೇ. ಹಿಂದೆ ಕಚ್ಚಿತ್ತೋ ಇಲ್ಲವೋ ಬೇರೆ ಮಾತು. ‘ನಾಯಿ ಇದೆ ಎಚ್ಚರಿಕೆ’ ಬೋರ್ಡು ಹಾಕಿದ್ದೇವೆ ಅನ್ನುವುದೂ ಪೂರ್ತಿ ರಕ್ಷಣೆ ಕೊಡುವುದಿಲ್ಲ. ಕಚ್ಚುವ ನಾಯಿ ಅಂತ ಇವರಿಗೇ ಗೊತ್ತಿತ್ತು ಅನ್ನುವುದಕ್ಕೆ ಅದೇ ಬೋರ್ಡನ್ನು ಎದುರಿನ ವಕೀಲರು ತೋರಿಸಬಹುದು.

ಬೇರೆ ಕಡೆ ಈ ಗೋಜಲನ್ನು ಯಾವತ್ತೋ ಬಿಡಿಸಿಕೊಂಡಿದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಾರ್ವಜನಿಕ ಜಾಗದಲ್ಲಿ ಅಥವಾ ನ್ಯಾಯವಾಗಿ ಕಾಲಿಟ್ಟ ಖಾಸಗಿ ಜಾಗದಲ್ಲಿ ನಾಯಿ ಕಚ್ಚಿದರೆ ಯಜಮಾನ ಕೊಡಲೇಬೇಕು. ನಾಯಿಯ ಪೂರ್ವಚರಿತ್ರೆ ಅಲ್ಲಿ ಲೆಕ್ಕಕ್ಕಿಲ್ಲ. ಜರ್ಮನಿಯ ಸಿವಿಲ್ ಸಂಹಿತೆ ಇನ್ನೂ ಕುತೂಹಲದ್ದು. ಖುಷಿಗೆ ಸಾಕಿದ ಪ್ರಾಣಿಯಾದರೆ ಪೂರ್ತಿ ಹೊಣೆ. ದುಡಿಮೆಗೆ, ಹೊಟ್ಟೆಪಾಡಿಗೆ ಸಾಕಿದ್ದಾದರೆ ತಾನು ತಕ್ಕ ಎಚ್ಚರಿಕೆ ತೆಗೆದುಕೊಂಡಿದ್ದೆ ಅಂತ ಯಜಮಾನ ತೋರಿಸಿಕೊಟ್ಟು ಪಾರಾಗಬಹುದು. ಗಮನಿಸಿ, ಸಾಬೀತು ಮಾಡುವ ಭಾರ ಯಜಮಾನನ ಮೇಲೆ.

ನನಗೆ ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಹೊಂದುವುದು ಈ ಎರಡನೆಯದು, ಜರ್ಮನಿಯದು ಅನ್ನಿಸುತ್ತದೆ. ಘಟ್ಟದ ಮೇಲಿನ ತೋಟದ ಮನೆಗೆ ನಾಯಿ ಅಂದರೆ ಶೋಕಿ ಅಲ್ಲ. ಮಂಗ ಓಡಿಸಲು, ಹಂದಿ ಬಂದರೆ ಬೊಗಳಲು ಅದು ಬೇಕೇ ಬೇಕು. ರಾತ್ರಿ ಚಿರತೆ ಮೊದಲು ಹೊತ್ತೊಯ್ಯುವುದೂ ಅದನ್ನೇ. ಅಂಥ ನಾಯಿಯನ್ನು ದಿನವಿಡೀ ಸರಪಳಿಯಲ್ಲಿಡಿ ಅಂದರೆ ಯಾರೂ ಕೇಳುವುದಿಲ್ಲ. ಆದರೆ ಜನ ಓಡಾಡುವ ಹೊತ್ತಿಗೆ ಕಟ್ಟಿದ್ದೆ, ಲಸಿಕೆ ಹಾಕಿಸಿದ್ದೆ, ದಾರಿಗೆ ಬೇಲಿ ಇತ್ತು ಅಂತ ತೋರಿಸುವುದು ಸಾಕಿದವರಿಗೆ ಕಷ್ಟವಲ್ಲ. ಕಚ್ಚಿಸಿಕೊಂಡವನಿಗೆ ನೆರೆಮನೆಯ ಯಜಮಾನರ ಮನಸ್ಸಿನಲ್ಲಿ ಏನು ಗೊತ್ತಿತ್ತು ಅಂತ ಸಾಬೀತು ಮಾಡುವುದು ಮಾತ್ರ ಹರಸಾಹಸ. ಭಾರ ತಿರುಗಿಸಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ತಳಿ ನಿಷೇಧದ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ 23 ‘ಉಗ್ರ’ ತಳಿಗಳನ್ನು ನಿಷೇಧಿಸಲು ಸುತ್ತೋಲೆ ಹೊರಡಿಸಿತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಕಚ್ಚಿಸಿಕೊಂಡವರ ಚಿಕಿತ್ಸೆಯ ಖರ್ಚನ್ನು ಸಾಕಿದವರೇ ಭರಿಸಬೇಕು, ನಷ್ಟ ಪರಿಹಾರ ಬೇರೆ ಅನ್ನುವ ಮಾತನ್ನೂ ಆಗ ಹೇಳಿತು. ನೋಟಿಸಿನಲ್ಲಿ ಉಲ್ಲೇಖಿಸಲು ನಿಮ್ಮ ವಕೀಲರಿಗೆ ಅದು ಉಪಯೋಗಕ್ಕೆ ಬರಬಹುದು. ಅಷ್ಟಕ್ಕೂ ನಮ್ಮೂರಲ್ಲಿ ಪಿಟ್‌ಬುಲ್ ಎಷ್ಟಿವೆ? ಇಲ್ಲಿ ಕಚ್ಚುವುದು ಜಾಸ್ತಿ ನಾಡನಾಯಿಯೇ.

ಎಷ್ಟು ಕೊಡಬೇಕು ಅನ್ನುವುದಕ್ಕೆ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2023ರಲ್ಲಿ ಒಂದು ಲೆಕ್ಕ ಹಾಕಿತು. ಒಂದು ಹಲ್ಲಿನ ಗುರುತಿಗೆ ಕನಿಷ್ಠ 10,000 ರೂಪಾಯಿ, ಮಾಂಸ ಕಿತ್ತು ಬಂದಿದ್ದರೆ 0.2 ಸೆಂಟಿಮೀಟರ್ ಗಾಯಕ್ಕೆ ಕನಿಷ್ಠ 20,000. ಮುಖ್ಯ ಹೊಣೆ ಅಲ್ಲಿನ ಸರ್ಕಾರಗಳದ್ದು. ಹಲ್ಲು ಎಣಿಸುವುದು ಕೇಳಲು ವಿಚಿತ್ರ ಅನ್ನಿಸಬಹುದು. ಆದರೆ ಇಷ್ಟೇ ಅಂತ ಪಟ್ಟಿ ಇದ್ದರೆ ವಕೀಲರ ಅಗತ್ಯವೇ ಕಡಿಮೆಯಾಗುತ್ತದೆ.

ಈಗ ಆಸ್ಪತ್ರೆಯ ಚೀಟಿ. ನಿಮ್ಮ ಪ್ರಕರಣ ನಿಲ್ಲುವುದೋ ಬೀಳುವುದೋ ಇದರ ಮೇಲೆ. ಒಪಿಡಿಯಲ್ಲಿ ಕೇಳುತ್ತಾರೆ: ‘ಸಾಕಿದ್ದೋ, ಬೀದಿದೋ?’ ಎಷ್ಟೋ ಜನ ‘ಬೀದಿದು’ ಅಂದುಬಿಡುತ್ತಾರೆ. ಹೆಗಡೇರ ಮನೆ ನಾಯಿ ಅಂದರೆ ನಾಳೆ ಅವರ ಮುಖ ನೋಡಬೇಕಲ್ಲ, ಅವರ ತೋಟಕ್ಕೇ ಕೆಲಸಕ್ಕೆ ಹೋಗಬೇಕಲ್ಲ. ಹದಿನೈದು ದಿನದ ಮೇಲೆ ಖರ್ಚು ಕೇಳಲು ಹೋದಾಗ ಆ ಚೀಟಿಯೇ ನಿಮಗೆ ತಿರುಗುಬಾಣ. ಇದರಲ್ಲಿ ಇನ್ನೊಂದು ವಿಚಿತ್ರ ಇದೆ. ರಾಜ್ಯ ಸರ್ಕಾರ 2025ರ ನವೆಂಬರ್‌ನಲ್ಲಿ ಬೀದಿನಾಯಿ ದಾಳಿಗೆ ಪರಿಹಾರ ಗೊತ್ತುಮಾಡಿತು. ಗಾಯಕ್ಕೆ 5,000, ಅದರಲ್ಲಿ 3,500 ಗಾಯಾಳುವಿಗೆ, 1,500 ಚಿಕಿತ್ಸೆಗಾಗಿ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ಗೆ. ಸತ್ತರೆ 5 ಲಕ್ಷ. ಒಳ್ಳೆಯದೇ. ಆದರೆ ಸಾಕುನಾಯಿಗೆ ಎಲ್ಲೂ ದಾಖಲೆ ಇಲ್ಲದಿದ್ದರೆ ಕಚ್ಚಿದ ಮರುದಿನ ಯಾವ ನಾಯಿಯೂ ಬೀದಿನಾಯಿ ಆಗಬಹುದು. ಬಿಲ್ಲು ಊರಿನವರ ತೆರಿಗೆಗೆ ಬೀಳುತ್ತದೆ.

ಕರಾವಳಿಯಲ್ಲಿ ಸಾಕುನಾಯಿ, ಬೀದಿನಾಯಿ ನಡುವಿನ ಈ ಗೆರೆ ಮೊದಲೇ ಮಸುಕು. ಕಾರವಾರದ ಮೀನು ಮಾರ್ಕೆಟ್ ಸುತ್ತ, ಅಂಕೋಲೆಯ ಕಡಲದಂಡೆಯಲ್ಲಿ ಮಲಗಿರುವ ನಾಯಿಗೆ ಮೀನಿನ ತಲೆ ಹಾಕುವವರು ಹತ್ತು ಜನ, ತನ್ನದು ಅನ್ನುವವರು ಯಾರೂ ಇಲ್ಲ. ಅನ್ನ ಹಾಕಿದ ಮಾತ್ರಕ್ಕೆ ಯಜಮಾನ ಆಗಿಬಿಡುವುದಿಲ್ಲ. ಅಂಥ ನಾಯಿಗೆ ಸಂತಾನಹರಣ, ಲಸಿಕೆ ಮಾಡಿಸುವುದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮದ ಪ್ರಕಾರ ಸ್ಥಳೀಯ ಸಂಸ್ಥೆಯ ಕೆಲಸ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣದ ಆವರಣದಿಂದ ಹಿಡಿದ ಬೀದಿನಾಯಿಗಳನ್ನು ಮತ್ತೆ ಅಲ್ಲೇ ಬಿಡಬಾರದು ಅಂತ ಸುಪ್ರೀಂ ಕೋರ್ಟ್ 2025ರ ನವೆಂಬರ್ 7ರಂದು ಹೇಳಿದೆ. ಗಡಿಯಾಚೆ ಗೋವಾದಲ್ಲಿ ವರ್ಷಗಟ್ಟಲೆ ನಾಯಿಗಳಿಗೆ ಲಸಿಕೆ ಅಭಿಯಾನ ನಡೆದು, 2021ರಲ್ಲಿ ರೇಬೀಸ್ ನಿಯಂತ್ರಿತ ಪ್ರದೇಶ ಅಂತ ಘೋಷಣೆಯಾಯಿತು. ಕಾರವಾರದಿಂದ ಕಾಳಿ ಸೇತುವೆ ದಾಟಿ ಸ್ವಲ್ಪ ದೂರ ಹೋದರೆ ಆ ರಾಜ್ಯ. ನಾಯಿ ಲೆಕ್ಕ ಇಡುವುದು ಆಗದ ಕೆಲಸ ಅಂತ ನಮ್ಮವರು ಹೇಳುವ ಹಾಗಿಲ್ಲ.

ನಿಮ್ಮ ವಿಷಯಕ್ಕೆ ಬರೋಣ. ಚೀಟಿಯಲ್ಲಿ ನಾಯಿ ಯಾರದು ಅಂತ ಬರೆಸಿ. ಗಾಯದ ಫೋಟೊ, ಹರಿದ ಬಟ್ಟೆ, ಬಸ್ ಟಿಕೆಟ್, ಕೂಲಿಗೆ ಹೋಗದ ದಿನಗಳ ಲೆಕ್ಕ ಇಟ್ಟುಕೊಳ್ಳಿ. ಹಿಂದೆ ಆ ನಾಯಿ ಅಟ್ಟಿಸಿಕೊಂಡು ಬಂದದ್ದನ್ನು ಕಂಡವರು ಇದ್ದರೆ ಹೆಸರು ಬರೆದಿಡಿ, ಕಚ್ಚದಿದ್ದರೂ ಆ ಸಾಕ್ಷಿಗೆ ಬೆಲೆ ಇದೆ. ನಾಯಿಗೆ ಮಾತ್ರ ಹೊಡೆಯಬೇಡಿ, ವಿಷ ಹಾಕಬೇಡಿ. ಪ್ರಾಣಿಯನ್ನು ಕೊಂದರೆ ಅದೇ ನ್ಯಾಯ ಸಂಹಿತೆಯ 325ನೇ ಕಲಮಿನಲ್ಲಿ 5 ವರ್ಷದವರೆಗೆ ಜೈಲಿದೆ, ಆಗ ಆರೋಪಿ ನೀವು. ಹತ್ತು ದಿನ ಅದು ಹೇಗಿದೆ ಅಂತ ಗಮನಿಸಿ ವೈದ್ಯರಿಗೆ ಹೇಳಿ.

ವಕೀಲರ ಫೀಸಿಗೆ ದುಡ್ಡಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ. ಅದು ಕೋರ್ಟ್ ಆವರಣದಲ್ಲೇ ಇರುತ್ತದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಕಡಿಮೆ ಆದಾಯದವರಿಗೆ ನೆರವು ಉಚಿತ. ಕೇಸ್ ಹಾಕುವ ಮೊದಲೇ ಲೋಕ ಅದಾಲತ್ತಿನಲ್ಲಿ ಮಾತುಕತೆಗೆ ಕೂರಬಹುದು. ಅಲ್ಲಿ ಆದ ಒಪ್ಪಂದ ಕೋರ್ಟಿನ ತೀರ್ಪಿನಷ್ಟೇ ಗಟ್ಟಿ.

ಅಲ್ಲಿಗೂ ಹೋಗದೆ ಊರಲ್ಲೇ ಬಗೆಹರಿದರೆ ಇನ್ನೂ ಒಳ್ಳೆಯದು, ಆದರೆ ಬಾಯಿಮಾತಿಗೆ ಬಿಡಬೇಡಿ. ಎಷ್ಟು ಹಣ, ಯಾವತ್ತು ಕೊಡುವುದು, ನಾಯಿಗೆ ಲಸಿಕೆ ಹಾಕಿಸಿದ ಕಾರ್ಡು ತೋರಿಸುವುದು, ಬೆಳಿಗ್ಗೆ ಹಾಲಿನ ಹೊತ್ತಿಗೂ ಸಂಜೆ ಶಾಲೆ ಬಿಡುವ ಹೊತ್ತಿಗೂ ಅದನ್ನು ದಾರಿಯಿಂದ ದೂರ ಕಟ್ಟುವುದು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಇನ್ನೊಮ್ಮೆ ಅದೇ ನಾಯಿ ಯಾರಿಗಾದರೂ ಬಾಯಿ ಹಾಕಿದರೆ ‘ಗೊತ್ತಿರಲಿಲ್ಲ’ ಅನ್ನುವ ಮಾತು ಆ ಹಾಳೆಯ ಎದುರು ನಿಲ್ಲುವುದಿಲ್ಲ.